ಎಫ್1 (ಫಾರ್ಮುಲಾ ಒನ್ ಕಾರ್ ರೇಸ್) ಈಗ ನೀವೆಲ್ಲಾ ಎಲ್ಲಿ ನೋಡುತ್ತಿದ್ದೀರಿ? ಬಳ್ಳಾರಿ, ರಾಯಚೂರು, ಕೊಪ್ಪಳದವರು ಹೇಳಿ

ಕೋಟೆಗುಡ್ಡ ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಕಾರ್ ರೇಸ್ ಯಾರು ನೋಡುತ್ತಾರೆ ಅಂತ ಜನ ಕೇಳುತ್ತಾರೆ. ನೋಡುವವರು ಇದ್ದಾರೆ. ಕೌಲ್ ಬಜಾರ್ ಕಡೆ ಯಾವುದಾದರೂ ಗ್ಯಾರೇಜಿನ ಮುಂದೆ ನಿಂತರೆ ವರ್ಸ್ಟಾಪನ್, ಹ್ಯಾಮಿಲ್ಟನ್ ಅಂತ ಡ್ರೈವರ್‌ಗಳ ಬಗ್ಗೆ ಮಾತಾಡುವ ಹುಡುಗರು ಸಿಗುತ್ತಾರೆ. ಆದರೆ ಪೂರ್ತಿ ರೇಸ್ ನೋಡುತ್ತೀರಾ ಅಂದರೆ ಇಲ್ಲ ಅಣ್ಣಾ, ರೀಲ್ಸ್ ನೋಡುತ್ತೇವೆ ಅನ್ನುತ್ತಾರೆ. ಇದೇ ನನಗೆ ಕೊರೆಯುತ್ತಿರುವ ವಿಷಯ.

ನಾವು ಶುರು ಮಾಡಿದ್ದು ಕೇಬಲ್ ಟಿವಿಯಲ್ಲಿ. ಕ್ರಿಕೆಟ್ ಹುಡುಕುತ್ತಾ ಚಾನೆಲ್ ಬದಲಿಸುವಾಗ ಭಾನುವಾರ ಸಂಜೆ ಕಾರುಗಳು ಓಡುತ್ತಿದ್ದವು, ಹಾಗೇ ಕೂತು ನೋಡಿದೆವು. ಇಎಸ್‌ಪಿಎನ್ ಮತ್ತು ಸ್ಟಾರ್ ಸ್ಪೋರ್ಟ್ಸ್ ಜೊತೆಯಾಗಿದ್ದ ಕಾಲ ಅದು. ಆಮೇಲೆ ಇಎಸ್‌ಪಿಎನ್ ಹೋಯಿತು, ಸ್ಟಾರ್ ಉಳಿಯಿತು. ನಂತರ ಹಾಟ್‌ಸ್ಟಾರ್‌ನಲ್ಲೂ ಬಂತು. 2022 ಮುಗಿಯುತ್ತಿದ್ದಂತೆ ಸ್ಟಾರ್ ಕೈಬಿಟ್ಟಿತು. 2023ರಲ್ಲಿ ಯಾವ ಟಿವಿ ಚಾನೆಲ್ಲೂ ಮುಂದೆ ಬರಲಿಲ್ಲ, ಎಫ್1ನವರದೇ ಎಫ್1 ಟಿವಿ ಆ್ಯಪ್ ಮಾತ್ರ. 2024ರಿಂದ ಫ್ಯಾನ್‌ಕೋಡ್ ಆ್ಯಪ್. ತೋರಿಸುವ ಹಕ್ಕು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ ಹಾಗೆಲ್ಲಾ ನಮ್ಮ ಗುಂಪಿನಲ್ಲಿ ಒಬ್ಬಿಬ್ಬರು ಕಡಿಮೆಯಾದರು. ಯಾರಿಗೂ ಬೇಸರವಾಗಿ ಬಿಟ್ಟಿದ್ದಲ್ಲ. ಎಲ್ಲಿ ಬರುತ್ತೆ ಅಂತ ಗೊತ್ತಾಗದೆ ಬಿಟ್ಟರು.

ನನ್ನ ಮಾತು ಇಷ್ಟೇ. ಯಾವ ಕಂಪನಿ ತೋರಿಸಿದರೂ ಚಿತ್ರ ಒಂದೇ. ಕ್ಯಾಮೆರಾ, ಗ್ರಾಫಿಕ್ಸ್, ಯಾವ ಕಾರು ಯಾವಾಗ ತೋರಿಸಬೇಕು ಅನ್ನುವುದು ಎಲ್ಲಾ ಎಫ್1ನವರೇ ಮಾಡಿ ಇಡೀ ಪ್ರಪಂಚಕ್ಕೆ ಕಳಿಸುತ್ತಾರೆ. ಇಂಗ್ಲೆಂಡಿನ ಬಿಗ್ಗಿನ್ ಹಿಲ್‌ನಲ್ಲಿ ಅದಕ್ಕೆಂದೇ ಅವರ ದೊಡ್ಡ ಕೇಂದ್ರ ಇದೆ. ಹಾಗಾಗಿ ಚಾನೆಲ್ಲುಗಳ ಪೈಪೋಟಿಯಿಂದ ರೇಸ್ ಚೆನ್ನಾಗಿ ಕಾಣುತ್ತೆ ಅನ್ನುವುದು ಸುಳ್ಳು. ಬದಲಾಗುವುದು ಯಾರ ಮನೆಗೆ ಬರುತ್ತೆ, ಎಷ್ಟು ತಡವಾಗಿ ಬರುತ್ತೆ, ಯಾರ ದನಿಯಲ್ಲಿ ಬರುತ್ತೆ ಅನ್ನುವುದು. ನೀವೆಲ್ಲಾ ಹೇಗೆ ನೋಡುತ್ತಿದ್ದೀರಿ ಹೇಳಿ. ಈ ಸೀಸನ್ನಿಗೆ ಎಲ್ಲರೂ ಸೇರಿ ನೋಡುವ ದಾರಿ ಏನಾದರೂ ಮಾಡೋಣ.

ಶಕ್ತಿನಗರ ರಾಯಚೂರು

ಒಳ್ಳೆ ವಿಷಯ ತೆಗೆದಿರಿ. ನಾನು ಕಾಮೆಂಟೇಟರ್ ಸ್ಟೀವ್ ಸ್ಲೇಟರ್ ದನಿ ಕೇಳಿಕೊಂಡು ಬೆಳೆದವನು. ಏಷ್ಯಾದ ನಮ್ಮಂಥವರಿಗೆ ಆಗ ಅವರೇ ರೇಸಿನ ದನಿ. ಇಂಗ್ಲಿಷ್ ಅರ್ಧಂಬರ್ಧ ಅರ್ಥವಾಗುತ್ತಿದ್ದರೂ ದನಿ ಏರಿದರೆ ಏನೋ ಆಯಿತು ಅಂತ ಅಡುಗೆಮನೆಯಿಂದ ಓಡಿ ಬರುತ್ತಿದ್ದೆವು.

2005ರಲ್ಲಿ ನಾರಾಯಣ್ ಕಾರ್ತಿಕೇಯನ್ ಜೋರ್ಡನ್ ಟೀಮಿಗೆ ಬಂದಾಗ ನಮ್ಮ ಕ್ವಾರ್ಟರ್ಸಿನಲ್ಲಿ ಹಬ್ಬ. ಆ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಮಿಷೆಲಿನ್ ಟೈರಿನ ತೊಂದರೆಯಿಂದ 14 ಕಾರು ಒಂದು ಸುತ್ತು ಹಾಕಿ ಒಳಗೆ ಹೋಗಿಬಿಟ್ಟವು. ಉಳಿದ 6 ಕಾರುಗಳ ರೇಸು. ನಮ್ಮವನು ನಾಲ್ಕನೆಯವನಾಗಿ 5 ಪಾಯಿಂಟ್ ತಂದ, ಭಾರತದವನೊಬ್ಬನಿಗೆ ಮೊದಲ ಪಾಯಿಂಟುಗಳು. ಕಾರು ಕಡಿಮೆ ಇದ್ದವು ಅಂತ ಕೆಲವರು ಮೂಗು ಮುರಿಯುತ್ತಾರೆ. ಕಾರು ಓಡಿಸಿದ್ದು ಅವನು ತಾನೇ? ನನಗೆ ಅದು ಪೂರ್ತಿ ಪಾಯಿಂಟೇ.

ಇನ್ನೊಂದು, 2011ರ ಕೆನಡಾ. ರಾತ್ರಿ ಹತ್ತೂವರೆಗೆ ಶುರುವಾಗಿದ್ದು ಮಳೆಯಿಂದ ಎರಡು ಗಂಟೆಗೂ ಜಾಸ್ತಿ ನಿಂತುಹೋಯಿತು. ಮುಗಿಯುವಾಗ ಬೆಳಗಿನ ಜಾವ ಎರಡೂವರೆ. 4 ಗಂಟೆ 4 ನಿಮಿಷ, ಎಫ್1ನ ಅತೀ ಉದ್ದದ ರೇಸ್. ಒಂದು ಹಂತದಲ್ಲಿ ಎಲ್ಲರಿಗಿಂತ ಹಿಂದೆ ಇದ್ದ ಬಟನ್ ಕೊನೇ ಲ್ಯಾಪಿನಲ್ಲಿ, ಅಂದರೆ ಕೊನೇ ಸುತ್ತಿನಲ್ಲಿ, ವೆಟೆಲ್ ಜಾರಿದಾಗ ಮುಂದೆ ಹೋದ. ಮರುದಿನ ಬೆಳಗಿನ ಶಿಫ್ಟ್ ಇತ್ತು, ಆದರೂ ಎದ್ದು ಹೋಗಲು ಮನಸ್ಸು ಬರಲಿಲ್ಲ. ಟಿವಿ ಹಾಕಿ ಬಿಟ್ಟಿದ್ದೆ, ಅಷ್ಟೇ ಸಾಕಿತ್ತು. ಇವತ್ತಿನ ಹಾಗೆ ಲಾಗಿನ್ ಇಲ್ಲ, ಓಟಿಪಿ ಇಲ್ಲ.

ಗಂಗಾವತಿ ಗೇರ್

ಸರ್, ಹಳೇದು ಚೆನ್ನಾಗಿತ್ತು ಅಂತ ನೀವು ಹೇಳುವುದು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ನಮ್ಮ ಊರಿನ ಕೇಬಲ್‌ನವರು ಸ್ಟಾರ್ ಸ್ಪೋರ್ಟ್ಸ್ ಸೆಲೆಕ್ಟ್ ಕೊಡುತ್ತಲೇ ಇರಲಿಲ್ಲ. ಎಫ್1 ಅದರಲ್ಲೇ ಬರುತ್ತಿತ್ತು. 2019ರ ಫೆಬ್ರುವರಿಯಲ್ಲಿ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮ ಬಂದು ನಮಗೆ ಬೇಕಾದ ಚಾನೆಲ್ ನಾವೇ ಆರಿಸಬಹುದು ಅಂತಾಯಿತು. ಕೇಳಲು ಹೋದರೆ ಊರಲ್ಲಿ ಅದನ್ನು ಕೇಳುವವನು ನೀನೊಬ್ಬನೇ ಅಂದರು. ಡಿಶ್ ಹಾಕಿಸಿದವರಿಗೆ ಮಾತ್ರ ಸಿಕ್ಕಿತು.

ಆ್ಯಪ್ ಬಂದ ಮೇಲೆ ಯಾರನ್ನೂ ಬೇಡಬೇಕಿಲ್ಲ. ಪ್ರಾಕ್ಟೀಸ್, ಕ್ವಾಲಿಫೈಯಿಂಗ್, ಎಫ್1ಗಿಂತ ಒಂದು ಮೆಟ್ಟಿಲು ಕೆಳಗಿನ ಎಫ್2, ಎಲ್ಲಾ ಸಿಗುತ್ತೆ. ಇಡೀ ಸೀಸನ್ ಪಾಸ್ ಬೇಡವಾದರೆ ಒಂದೊಂದು ರೇಸಿಗೂ ಪಾಸ್ ತಗೊಳ್ಳಬಹುದು. 2025ರಲ್ಲಿ ಬೆಂಗಳೂರಿನ ಕುಶ್ ಮೈನಿ ಮೊನಾಕೊದಲ್ಲಿ ಎಫ್2 ಸ್ಪ್ರಿಂಟ್ (ಚಿಕ್ಕ ರೇಸ್) ಗೆದ್ದಾಗ ನಾನು ಗದ್ದೆಯ ಬದುವಿನ ಮೇಲೆ ಕೂತು ಮೊಬೈಲಿನಲ್ಲಿ ನೋಡಿದೆ. ಅಲ್ಲಿ ಎಫ್2 ಗೆದ್ದ ಮೊದಲ ಭಾರತೀಯ. ಹಳೇ ಕೇಬಲ್ ಕಾಲದಲ್ಲಿ ನನಗೆ ಆ ರೇಸ್ ಸಿಗುತ್ತಿತ್ತಾ?

ತೊಂದರೆ ಡೇಟಾದ್ದು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿದವರು ಎಚ್‌ಡಿಯಲ್ಲಿ ಒಂದು ರೇಸ್ ಪೂರ್ತಿ ನೋಡಲು ಆಗುವುದಿಲ್ಲ. ಅರ್ಧದಲ್ಲೇ ಮುಗಿಯುತ್ತೆ. ಕ್ವಾಲಿಟಿ ಇಳಿಸಿದರೆ ಪರದೆಯ ಎಡಗಡೆ ಇರುವ ಡ್ರೈವರ್‌ಗಳ ಹೆಸರಿನ ಪಟ್ಟಿ ಓದಲು ಬರುವುದಿಲ್ಲ. ಪಟ್ಟಿ ಓದಲು ಬರದಿದ್ದರೆ ರೇಸ್ ಅರ್ಥವಾಗುವುದಿಲ್ಲ.

ಕೋಟೆಗುಡ್ಡ ಬಳ್ಳಾರಿ

ಗಂಗಾವತಿ ತಮ್ಮಾ, ನೀನು ಹೇಳಿದ್ದು ಸರಿ. ರೇಸ್ ಬೇಕು ಅಂತ ಹುಡುಕಿಕೊಂಡು ಬರುವವನಿಗೆ ಈಗಿನಷ್ಟು ಒಳ್ಳೆ ಕಾಲ ಯಾವತ್ತೂ ಇರಲಿಲ್ಲ. ನನ್ನ ಚಿಂತೆ ಇನ್ನೂ ನೋಡದವನ ಬಗ್ಗೆ. ದುಡ್ಡು ಕೊಟ್ಟು ಪಾಸ್ ತಗೊಂಡು ಮೊದಲ ಸಲ ನೋಡುವವರು ಯಾರು? ಟಿವಿಯಲ್ಲಿ ತಾನಾಗಿ ಕಣ್ಣಿಗೆ ಬಿದ್ದರೆ ತಾನೇ ರುಚಿ ಹತ್ತುವುದು.

ಸಂಡೂರು ಸೀಮೆ

ನಾನು ಟಿವಿಯಲ್ಲಿ ತಾನಾಗಿ ಕಂಡು ಬಂದವಳಲ್ಲ ಅಣ್ಣಾ. ಕಾಲೇಜಿನಲ್ಲಿ ಗೆಳತಿಯರ ಜೊತೆ ನೆಟ್‌ಫ್ಲಿಕ್ಸಿನ ಎಫ್1 ಸರಣಿ ನೋಡಿ ಹುಚ್ಚು ಹಿಡಿಯಿತು. 2021ರ ಅಬುಧಾಬಿ ರೇಸಿನ ಕೊನೇ ಲ್ಯಾಪ್ ನನ್ನ ಮೊದಲ ವರ್ಷದ ನೆನಪು. ಹಾಗಾಗಿ ದಾರಿ ಒಂದು ಮುಚ್ಚಿದರೆ ಇನ್ನೊಂದು ತೆರೆಯುತ್ತೆ ಅನ್ನುತ್ತೇನೆ.

ನಮ್ಮ ಮನೆಯಲ್ಲಿ ಹೇಗೆ ನೋಡುತ್ತೇವೆ ಅಂತ ಹೇಳುತ್ತೇನೆ. ಅಪ್ಪ ಅದಿರು ಲಾರಿ ಓಡಿಸುತ್ತಿದ್ದರು, ಈಗ ಬಿಟ್ಟಿದ್ದಾರೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಮೊದಲ ದಿನ ನಾನು ಆ ಎಡಗಡೆ ಪಟ್ಟಿ ಹೇಳಿಕೊಟ್ಟೆ. ಮೂರು ಅಕ್ಷರ ಅಂದರೆ ಡ್ರೈವರ್ ಹೆಸರು. ಪಕ್ಕದ ಅಂಕಿ ಮುಂದಿನ ಕಾರಿಗೆ ಎಷ್ಟು ಸೆಕೆಂಡ್ ದೂರ ಅಂತ. ಬಣ್ಣದ ಉಂಗುರ ಟೈರು. ಕೆಂಪು ಮೆತ್ತಗಿನದು, ಬೇಗ ಓಡುತ್ತೆ, ಬೇಗ ಸವೆಯುತ್ತೆ. ಹಳದಿ ನಡುವಿನದು. ಬಿಳಿ ಗಟ್ಟಿ. ಹಸಿರು ಸ್ವಲ್ಪ ಮಳೆಗೆ, ನೀಲಿ ಜೋರು ಮಳೆಗೆ. ಅಷ್ಟು ಸಾಕಾಯಿತು. ಈಗ ಅಪ್ಪ ಕಾಮೆಂಟರಿಗಿಂತ ಮೊದಲೇ ಹೇಳುತ್ತಾರೆ, ಇವನ ಹಿಂದಿನ ಟೈರ್ ಹೋಯಿತು, ತಿರುವಿನಿಂದ ಹೊರಗೆ ಬರುವಾಗ ಗಾಡಿ ಒದ್ದಾಡುತ್ತಿದೆ ನೋಡು ಅಂತ. ಎರಡು ಲ್ಯಾಪ್ ಆದ ಮೇಲೆ ಆ ಕಾರು ಟೈರ್ ಬದಲಿಸಲು ಪಿಟ್‌ಗೆ ಬರುತ್ತೆ. ಲೋಡ್ ಗಾಡಿ ಇಳಿಜಾರಿನಲ್ಲಿ ಇಳಿಸಿದವರಿಗೆ ಟೈರ್ ಮಾತು ಯಾರೂ ಹೇಳಿಕೊಡಬೇಕಿಲ್ಲ ನೋಡಿ.

ಅಪ್ಪನಿಗೆ ಕಾಮೆಂಟರಿ ಕನ್ನಡದಲ್ಲಿ ಇದ್ದಿದ್ದರೆ ಅನ್ನಿಸುತ್ತೆ. ಐಪಿಎಲ್‌ಗೆ ಇದೆ, ಕಬಡ್ಡಿಗೆ ಇದೆ. ರೇಸಿಗೆ ಯಾಕೆ ಬೇಡ?

ಶಕ್ತಿನಗರ ರಾಯಚೂರು

ಸಂಡೂರಿನ ತಂಗಿ, ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ಹೇಳಮ್ಮಾ. ಅವರ ಪಕ್ಕ ಕೂತು ಒಂದು ರೇಸ್ ನೋಡಬೇಕು.

ಮಾನ್ವಿ ಹುಡುಗ

ಇಷ್ಟೆಲ್ಲಾ ಯಾಕೆ ಅಣ್ಣಾ. ಟೆಲಿಗ್ರಾಂನಲ್ಲಿ ಲಿಂಕ್ ಬರುತ್ತೆ. ಬ್ರಿಟನ್ನಿನ ಸ್ಕೈ ಸ್ಪೋರ್ಟ್ಸ್ ಫೀಡ್, ಎಚ್‌ಡಿ. ದುಡ್ಡೂ ಇಲ್ಲ. ಬೇಕಾದವರು ಮೆಸೇಜ್ ಮಾಡಿ.

ಕೋಟೆಗುಡ್ಡ ಬಳ್ಳಾರಿ

ತಮ್ಮಾ, ಇಲ್ಲಿ ಲಿಂಕ್ ಬೇಡ. ಕೋಪದಿಂದ ಹೇಳುತ್ತಿಲ್ಲ. 2023ರಲ್ಲಿ ಒಂದೇ ಒಂದು ಟಿವಿ ಚಾನೆಲ್ಲೂ ನಮ್ಮ ದೇಶಕ್ಕೆ ಎಫ್1 ತಗೊಳ್ಳಲಿಲ್ಲ. ದುಡ್ಡು ಕೊಟ್ಟು ನೋಡುವವರು ಕಡಿಮೆ ಅಂತ ಲೆಕ್ಕ ಹಾಕಿದರೆ ಮುಂದೆಯೂ ಯಾರೂ ಬರುವುದಿಲ್ಲ. ಕ್ರಿಕೆಟ್ಟಿಗಾದರೆ 2007ರ ಕಾನೂನು ಇದೆ, ಭಾರತ ಆಡುವ ದೊಡ್ಡ ಪಂದ್ಯಗಳ ಸಿಗ್ನಲ್ ಹಕ್ಕು ಯಾರ ಹತ್ತಿರ ಇದ್ದರೂ ದೂರದರ್ಶನಕ್ಕೆ ಕೊಡಲೇಬೇಕು. ರೇಸಿಗೆ ಆ ಕಾವಲು ಇಲ್ಲ. ನಾವು ನೋಡುವುದೇ ಅದಕ್ಕೆ ಇರುವ ಆಸರೆ. ದುಡ್ಡು ಜಾಸ್ತಿ ಅನ್ನಿಸಿದರೆ ಒಂದೇ ರೇಸಿನ ಪಾಸ್ ತಗೋ, ಇಲ್ಲಾ ನಮ್ಮ ಮನೆಗೆ ಬಾ.

ಗಂಗಾವತಿ ಗೇರ್

ಅದೂ ಅಲ್ಲದೆ ಆ ಲಿಂಕುಗಳು ಕೊನೇ ಹತ್ತು ಲ್ಯಾಪಿನಲ್ಲಿ ಕೈಕೊಡುತ್ತವೆ. ಮೊಬೈಲಿಗೆ ಏನೇನು ಬಂದು ಕೂರುತ್ತೋ ಅದು ಬೇರೆ.

ಮಾನ್ವಿ ಹುಡುಗ

ಸರಿ ಅಣ್ಣಾ, ತೆಗೆದಿದ್ದೇನೆ. ಆದರೆ ಸ್ಕೈ ಕಾಮೆಂಟರಿ ಕೇಳಿ ಬೇರೆ ಕೇಳಲು ಆಗುವುದಿಲ್ಲ, ಅದು ನಿಜ. ಕ್ರಾಫ್ಟ್ ಸ್ಟಾರ್ಟ್ ಹೇಳುವ ರೀತಿ, ಬ್ರಂಡಲ್ ರೇಸಿಗೆ ಮೊದಲು ಕಾರುಗಳು ಸಾಲಾಗಿ ನಿಲ್ಲುವ ಗ್ರಿಡ್ ಮೇಲೆ ಮೈಕ್ ಹಿಡಿದು ಓಡಾಡುವುದು. ನಮ್ಮ ಕರುಣ್ ಚಂಡೋಕ್ ಸ್ಕ್ರೀನ್ ಮುಂದೆ ನಿಂತು ಈ ಕಾರು ಈ ತಿರುವಿನಲ್ಲಿ ಯಾಕೆ ನಿಧಾನ ಅಂತ ಬಿಡಿಸಿ ಹೇಳುವುದು ನನಗೆ ತುಂಬಾ ಇಷ್ಟ. ಚೆನ್ನೈನವರು ಅಲ್ಲಿ ನಿಂತು ಬ್ರಿಟನ್ನಿನವರಿಗೆ ಹೇಳಿಕೊಡುತ್ತಾರೆ ಅಂದರೆ ಹೆಮ್ಮೆ ಅಲ್ವಾ.

ರಾಯಚೂರು ಟು ರೀಡಿಂಗ್

ನಾನು ರಾಯಚೂರು ತೀನ್ ಕಂದೀಲ್ ಹತ್ತಿರದವನು, ಈಗ ಇಂಗ್ಲೆಂಡಿನ ರೀಡಿಂಗ್‌ನಲ್ಲಿ ಕೆಲಸ. ಇಲ್ಲಿಯವರು ಸುಖವಾಗಿದ್ದಾರೆ ಅಂತ ಅಂದುಕೊಳ್ಳಬೇಡಿ. ಮೊದಲು ಬಿಬಿಸಿ, 1997ರಿಂದ ಐಟಿವಿ, 2009ಕ್ಕೆ ಮತ್ತೆ ಬಿಬಿಸಿ, ಎಲ್ಲಾ ಪುಕ್ಕಟೆ ಚಾನೆಲ್. 2012ರಲ್ಲಿ ಸ್ಕೈ ಬಂದು ಅರ್ಧ ರೇಸುಗಳು ಅವರಲ್ಲಿ ಮಾತ್ರ ಅಂತಾಯಿತು. ಬಿಬಿಸಿ ಬಿಟ್ಟ ಮೇಲೆ 2016ರಿಂದ ಚಾನೆಲ್ 4. ಈಗ 2019ರಿಂದ, 2021ರ ಅಬುಧಾಬಿ ಬಿಟ್ಟರೆ, ಇಲ್ಲಿನದೇ ಸಿಲ್ವರ್‌ಸ್ಟೋನ್ ಒಂದು ರೇಸ್ ಮಾತ್ರ ಚಾನೆಲ್ 4ನಲ್ಲಿ ನೇರವಾಗಿ ಬರುತ್ತೆ, ಉಳಿದವು ಬರೀ ಹೈಲೈಟ್ಸ್. ಸ್ಕೈ ದುಡ್ಡು ಇಲ್ಲಿಯವರಿಗೇ ಭಾರ. ನನ್ನ ಆಫೀಸಿನಲ್ಲಿ ಅರ್ಧ ಜನ ರಾತ್ರಿ ಹೈಲೈಟ್ಸ್ ಬರುವವರೆಗೆ ಫಲಿತಾಂಶ ಕಿವಿಗೆ ಬೀಳದ ಹಾಗೆ ಭಾನುವಾರ ಫೋನ್ ಮುಟ್ಟುವುದಿಲ್ಲ. ಜರ್ಮನಿಯಲ್ಲೂ ಹಾಗೇ. ಆರ್‌ಟಿಎಲ್ ಪುಕ್ಕಟೆ ತೋರಿಸುತ್ತಿತ್ತು, ಶೂಮಾಕರ್ ಕಾಲ ಪೂರ್ತಿ ಅದರಲ್ಲೇ. 2021ರಿಂದ ಅಲ್ಲೂ ಸ್ಕೈ.

ಕೋಟೆಗುಡ್ಡ ಅಣ್ಣ ಚಿತ್ರ ಒಂದೇ ಅಂದರು. ಬಹುಪಾಲು ಹೌದು. ಆದರೆ ಮೊನಾಕೊ ಬೇರೆ ಇತ್ತು. 2022ರವರೆಗೆ ಅಲ್ಲಿನ ಚಿತ್ರ ಅಲ್ಲಿನವರೇ ಕಳಿಸುತ್ತಿದ್ದರು. 2021ರಲ್ಲಿ ವೆಟೆಲ್ ಪಿಟ್‌ನಿಂದ ಹೊರಗೆ ಬಂದು ಗ್ಯಾಸ್ಲಿ ಪಕ್ಕಕ್ಕೆ ಪಕ್ಕ ಗುಡ್ಡ ಹತ್ತುತ್ತಿದ್ದ. ಯಾರು ಮುಂದೆ ಅಂತ ಉಸಿರು ಹಿಡಿದು ನೋಡುತ್ತಿದ್ದರೆ ಅಷ್ಟರಲ್ಲಿ ಚಿತ್ರ ಬದಲಾಗಿ ಸ್ಟ್ರೋಲ್ ಕಾರು ಈಜುಕೊಳದ ತಿರುವಿನಲ್ಲಿ ಅಂಚು ಹತ್ತಿದ್ದು ತೋರಿಸಿದರು. ಪ್ರಪಂಚದಾದ್ಯಂತ ಎಲ್ಲರೂ ಕೂಗಿದರು. ಎಲ್ಲಾ ಚಾನೆಲ್ಲಿಗೂ ಅದೇ ಫೀಡ್, ಯಾರಿಗೂ ಬೇರೆ ದಾರಿ ಇರಲಿಲ್ಲ. 2023ರಿಂದ ಮೊನಾಕೊವನ್ನೂ ಎಫ್1ನವರೇ ಮಾಡುತ್ತಿದ್ದಾರೆ.

ಕೋಟೆಗುಡ್ಡ ಬಳ್ಳಾರಿ

ಇದು ಚೆನ್ನಾಗಿ ನೆನಪು ಮಾಡಿದಿರಿ. ನಾವೆಲ್ಲಾ ಸೋಫಾದಿಂದ ಎದ್ದು ನಿಂತಿದ್ದೆವು ಆವತ್ತು. ಒಂದೇ ಕಡೆಯಿಂದ ಚಿತ್ರ ಬರುವಾಗ ಆ ಒಬ್ಬ ಡೈರೆಕ್ಟರ್ ತಪ್ಪಿದರೆ ಇಡೀ ಜಗತ್ತು ತಪ್ಪಿಸಿಕೊಳ್ಳುತ್ತೆ. ಅದಕ್ಕೇ ಕಾಮೆಂಟರಿಯವರು ಕಣ್ಣು ತೆರೆದು ಇರಬೇಕು ಅನ್ನುವುದು. ಒಳ್ಳೆ ಕಾಮೆಂಟೇಟರ್ ಚಿತ್ರದಲ್ಲಿ ಇಲ್ಲದ್ದನ್ನು ಟೈಮಿಂಗ್ ನೋಡಿ ಹೇಳುತ್ತಾನೆ.

ಸಿರುಗುಪ್ಪ ಸೆಕ್ಟರ್ 3

ನನಗೆ ಬೇರೆಯದೇ ತಾಪತ್ರಯ. ಎಲ್ಲರೂ ಸೇರಿ ನೋಡುವಾಗ ತಡ ಆಗುತ್ತಲ್ಲಾ, ಅದು. ಟಿವಿಗೆ ಸ್ಟಿಕ್ ಹಾಕಿ ಆ್ಯಪ್ ಓಡಿಸುತ್ತೇವೆ. ಅದೇ ರೇಸ್ ಮೊಬೈಲಿನಲ್ಲಿ ಇನ್ನೂ ಮುಂದೆ ಇರುತ್ತೆ. ಒಬ್ಬ ಕಾರುಗಳ ಸಮಯ ತಕ್ಷಣ ತೋರಿಸುವ ಲೈವ್ ಟೈಮಿಂಗ್ ತೆಗೆದು ಕೂತರೆ ಟಿವಿಯಲ್ಲಿ ಕಾರು ಇನ್ನೂ ತಿರುವಿಗೆ ಬಂದಿರುವುದಿಲ್ಲ, ಇವನು ಅಯ್ಯೋ ಅಂದುಬಿಡುತ್ತಾನೆ. ಇನ್ನು ನೋಟಿಫಿಕೇಶನ್. ರೆಡ್ ಫ್ಲ್ಯಾಗ್, ರೇಸ್ ನಿಲ್ಲಿಸಿದರು ಅಂತ ಜೇಬಿನಲ್ಲಿ ಟಿಂಗ್ ಅನ್ನುತ್ತೆ, ಟಿವಿಯಲ್ಲಿ ಎಲ್ಲಾ ಆರಾಮಾಗಿ ಓಡುತ್ತಿರುತ್ತವೆ. ಇದಕ್ಕೆ ಏನು ಮಾಡುತ್ತೀರಿ?

ಸಂಡೂರು ಸೀಮೆ

ನಾವು ಹೀಗೆ ಮಾಡುತ್ತೇವೆ. ಸುತ್ತ ಇರುವ ಮೊಬೈಲುಗಳಲ್ಲಿ ಸ್ಪೋರ್ಟ್ಸ್ ಆ್ಯಪ್‌ಗಳ ನೋಟಿಫಿಕೇಶನ್ ರೇಸಿಗೆ ಮೊದಲೇ ಬಂದ್. ಮೊಬೈಲಿನಲ್ಲೂ ನೋಡಬೇಕಾದರೆ, ಕಾರಿನ ಮೇಲೇ ಇರುವ ಆನ್‌ಬೋರ್ಡ್ ಕ್ಯಾಮೆರಾ ಅಂತ ಇಟ್ಟುಕೊಳ್ಳಿ, ರೇಸಿಗೆ ಮೊದಲು ಹಾಕುವ ಫಾರ್ಮೇಶನ್ ಲ್ಯಾಪಿನಲ್ಲೇ ಸರಿಮಾಡಬೇಕು. ಮುಂದಿನ ಕಾರು ಯಾವುದೋ ಒಂದು ತಿರುವಿಗೆ ಬಂದಾಗ ಮೊಬೈಲನ್ನು ಪಾಜ್ ಮಾಡಿ ನಿಲ್ಲಿಸಿ. ಟಿವಿಯಲ್ಲಿ ಅದೇ ಕಾರು ಅದೇ ತಿರುವಿಗೆ ಬಂದ ತಕ್ಷಣ ಪ್ಲೇ ಒತ್ತಿ. ನಡುವೆ ನೆಟ್ ಸಿಕ್ಕಿಹಾಕಿಕೊಂಡರೆ ಮತ್ತೆ ಒಂದು ಸಲ ಮಾಡಬೇಕು. ಲೈವ್ ಟೈಮಿಂಗ್ ಮಾತ್ರ ಬೇಡವೇ ಬೇಡ. ಪಟ್ಟಿ ಟಿವಿಯಲ್ಲೇ ಇದೆ.

ಸಿರುಗುಪ್ಪ ಸೆಕ್ಟರ್ 3

ಪಾಜ್ ಮಾಡಿ ನಿಲ್ಲಿಸುವುದು ಹೊಳೆದಿರಲೇ ಇಲ್ಲ ಅಕ್ಕಾ. ಈ ಭಾನುವಾರವೇ ಮಾಡುತ್ತೇನೆ.

ಗಂಗಾವತಿ ಗೇರ್

ಬೈಕ್ ರೇಸ್ ಬಗ್ಗೆ ಯಾರೂ ಮಾತಾಡಲಿಲ್ಲ. ಮೊಟೊಜಿಪಿ ಕಥೆ ಇದಕ್ಕಿಂತ ಗೋಜಲು. ಕೆಲವು ವರ್ಷ ಯೂರೋಸ್ಪೋರ್ಟ್‌ನಲ್ಲಿ ನೋಡುತ್ತಿದ್ದೆವು. 2023ರ ಸೆಪ್ಟೆಂಬರಿನಲ್ಲಿ ದೆಹಲಿ ಹತ್ತಿರದ ಬುದ್ಧ್ ಸರ್ಕ್ಯೂಟಿನಲ್ಲಿ ಭಾರತದ ರೇಸ್ ಆದಾಗ ಜಿಯೋಸಿನಿಮಾದಲ್ಲಿ ಬಂತು. ಬೆಜೆಕಿ ಗೆದ್ದ. ಸೆಕೆಗೆ 24 ಲ್ಯಾಪ್ ಇದ್ದಿದ್ದನ್ನು 21ಕ್ಕೆ ಇಳಿಸಿದ್ದರು. ನಮ್ಮ ಗಂಗಾವತಿ ಏಪ್ರಿಲ್ ಬಿಸಿಲಿನಲ್ಲಿ ಇಟ್ಟಿದ್ದರೆ ಎಷ್ಟಕ್ಕೆ ಇಳಿಸುತ್ತಿದ್ದರೋ. ಆ ರೇಸ್ ನೋಡಿದ ಮೇಲೆ ನಮ್ಮ ಓಣಿಯಲ್ಲಿ ಬೈಕ್ ರೇಸ್ ಕೇಳುವವರು ಜಾಸ್ತಿಯಾದರು. ಎಲ್ಲರ ಮೊಬೈಲಿನಲ್ಲೂ ಆಗಲೇ ಇದ್ದ ಆ್ಯಪ್ ಅದು. ಹೊಸದಾಗಿ ಏನೂ ಹಾಕಿಕೊಳ್ಳಬೇಕಿರಲಿಲ್ಲ. ಅಣ್ಣ ಹೇಳಿದ ತಾನಾಗಿ ಕಣ್ಣಿಗೆ ಬೀಳುವ ಮಾತು ನನಗೆ ಈಗ ಸರಿ ಅನ್ನಿಸುತ್ತಿದೆ.

ಕೋಟೆಗುಡ್ಡ ಬಳ್ಳಾರಿ

ಅದೇ ನಾನು ಹೇಳುತ್ತಿರುವುದು. 2011ರಿಂದ 2013ರವರೆಗೆ ಅದೇ ಬುದ್ಧ್‌ನಲ್ಲಿ ಎಫ್1 ಇತ್ತು. ಮೂರೂ ಸಲ ವೆಟೆಲ್ ಗೆದ್ದ. 2013ರಲ್ಲಿ ಅಲ್ಲೇ ನಾಲ್ಕನೇ ಪಟ್ಟ ಕಟ್ಟಿಕೊಂಡು ಕಾರನ್ನು ಗಿರಗಿರ ತಿರುಗಿಸಿ, ಇಳಿದು ಅದಕ್ಕೆ ಕೈಮುಗಿದ. ಆಗ ರಾಯಲ್ ಸರ್ಕಲ್ ಹತ್ತಿರ ಟೀ ಅಂಗಡಿಯಲ್ಲೂ ಅದೇ ಮಾತು. ಟ್ರ್ಯಾಕ್‌ಗೆ ಹೋದವರು ಬೆರಳೆಣಿಕೆ, ಟಿವಿಯಲ್ಲಿ ನೋಡಿದವರೇ ಎಲ್ಲರೂ. ರೇಸ್ ಹೋಯಿತು, ಟಿವಿಯೂ ಹೋಯಿತು.

ಈಗ ನಾವು ಏನು ಮಾಡಬಹುದು ಅಂದರೆ, ತಿಂಗಳಿಗೆ ಒಂದು ರೇಸ್ ಆದರೂ ದೊಡ್ಡ ಪರದೆಯಲ್ಲಿ ಒಟ್ಟಿಗೆ ನೋಡುವುದು. ಯುರೋಪಿನ ಹೆಚ್ಚಿನ ರೇಸುಗಳು ನಮಗೆ ಸಂಜೆ ಆರೂವರೆಗೆ. ಅದಕ್ಕಿಂತ ಒಳ್ಳೆ ಹೊತ್ತು ಇಲ್ಲ. ಗೆಳೆಯರೊಬ್ಬರ ಕಲ್ಯಾಣಮಂಟಪದ ಹಾಲ್ ಇದೆ, ಪ್ರೊಜೆಕ್ಟರ್ ಇದೆ.

ರಾಯಚೂರು ಟು ರೀಡಿಂಗ್

ಅಣ್ಣಾ, ಹಾಲ್‌ನಲ್ಲಿ ಬೇಡ. ಆ್ಯಪ್ ಪಾಸ್ ಮನೆಯಲ್ಲಿ ಸ್ವಂತಕ್ಕೆ ನೋಡಲು ಕೊಡುವುದು. ಸಾರ್ವಜನಿಕವಾಗಿ ತೋರಿಸಬೇಕಾದರೆ ಬೇರೆ ಅನುಮತಿ ಬೇಕು. ಅದರಲ್ಲೂ ಟಿಕೆಟ್ ಇಟ್ಟರಂತೂ ತೊಂದರೆಗೆ ಸಿಕ್ಕಿಹಾಕಿಕೊಳ್ಳುತ್ತೀರಿ. ಇಲ್ಲಿ ಪಬ್‌ಗಳು ಸ್ಕೈಗೆ ಬೇರೆಯೇ ದುಡ್ಡು ಕಟ್ಟುತ್ತವೆ.

ಕೋಟೆಗುಡ್ಡ ಬಳ್ಳಾರಿ

ಸರಿಯಾದ ಮಾತು. ಹಾಗಾದರೆ ಮನೆಯಲ್ಲೇ. ನಮ್ಮ ಹಾಲ್‌ನಲ್ಲಿ ಹತ್ತು ಜನ ಕೂರಬಹುದು. ಹೊಸಬರನ್ನು ಕರೆದುಕೊಂಡು ಬನ್ನಿ, ಅದೇ ಮುಖ್ಯ. ಒಬ್ಬೊಬ್ಬರೂ ಒಂದೊಂದು ಊರಿನಲ್ಲಿ ಹೀಗೆ ಮಾಡಿದರೆ ಆಯಿತು. ಇನ್ನೂ ರೇಸ್ ನೋಡದವರನ್ನು ಮೊನಾಕೊ ರೇಸಿಗೆ ಕರೆಯಬೇಡಿ, ಅಲ್ಲಿ ಮುಂದೆ ಹೋಗಲು ಜಾಗವೇ ಇಲ್ಲ, ಮೊದಲ ಸಲ ನೋಡಿದವನು ನಿದ್ದೆ ಹೋಗುತ್ತಾನೆ. ಸಿಲ್ವರ್‌ಸ್ಟೋನ್ ಇಲ್ಲಾ ಬೆಲ್ಜಿಯಂನ ಸ್ಪಾ ತೋರಿಸಿ. ಸ್ಪಾ ಏಳು ಕಿಲೋಮೀಟರ್ ಟ್ರ್ಯಾಕ್, ಒಂದು ಕಡೆ ಮಳೆ ಇದ್ದರೆ ಇನ್ನೊಂದು ಕಡೆ ಒಣಗಿರುತ್ತೆ. ಯಾರಿಗಾದರೂ ರುಚಿ ಹತ್ತುತ್ತೆ.

ಸಂಡೂರು ಸೀಮೆ

ಸ್ಪಾಗೆ ಅಪ್ಪನನ್ನು ಕರೆದುಕೊಂಡು ಬರುತ್ತೇನೆ ಅಣ್ಣಾ. ಜೊತೆಗೆ ಓಣಿಯ ಇಬ್ಬರು ಹುಡುಗಿಯರು ಇದ್ದಾರೆ, ರೀಲ್ಸ್ ಮಾತ್ರ ನೋಡಿದವರು.

ಮಾನ್ವಿ ಹುಡುಗ

ನಾನೂ ಬರುತ್ತೇನೆ. ಮಾನ್ವಿಯಿಂದ ಮಧ್ಯಾಹ್ನದ ಬಸ್ಸು ಹಿಡಿದರೆ ಆಗುತ್ತೆ. ರಾತ್ರಿ ಉಳಿಯಲು ಜಾಗ ಇದ್ದರೆ ಹೇಳಿ.

ಕೋಟೆಗುಡ್ಡ ಬಳ್ಳಾರಿ

ಜಾಗ ಇದೆ, ಬಾ. ಎಲ್ಲರೂ ಆರು ಗಂಟೆಗೆ ಮೊದಲು ಬನ್ನಿ. ಒಗ್ಗರಣೆ ಮಿರ್ಚಿ ನಮ್ಮ ಮನೆಯದು. ಇನ್ವರ್ಟರ್ ಬ್ಯಾಟರಿ ಹೊಸದು ಹಾಕಿಸಿದ್ದೇನೆ, ಕರೆಂಟ್ ಹೋದರೂ ವೈಫೈ ಮತ್ತು ಟಿವಿ ನಡೆಯುತ್ತೆ. ಶಕ್ತಿನಗರ ಸರ್, ನೀವು ಬರಲೇಬೇಕು. ಸಂಡೂರಿನ ಕಾಕಾ ಪಕ್ಕದ ಕುರ್ಚಿ ನಿಮಗೇ.

ಶಕ್ತಿನಗರ ರಾಯಚೂರು

ಬರುತ್ತೇನಪ್ಪಾ. ಶಿಫ್ಟ್ ಆಗಲೇ ಬದಲಿಸಿಕೊಂಡಿದ್ದೇನೆ.